ಬಾಸ್ಕರ್‌ವಿಲ್ ಹುಟ್ಟಿದ್ದೇ ಓದಿಗಾಗಿ

ಮಾನ್ಯ ಸಂಪಾದಕರೇ,

ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಇಂಗ್ಲಿಷ್ ಮುದ್ರಣಾಕ್ಷರಗಳ ವಿನ್ಯಾಸವನ್ನು ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ವಿಷಯಕ್ಕೆ ಪತ್ರಿಕೆಯಲ್ಲಿ ಇಷ್ಟು ಜಾಗ ಸಿಗುವುದೇ ಅಪರೂಪ. ಅದಕ್ಕಾಗಿ ಲೇಖಕರಿಗೂ ತಮಗೂ ಕೃತಜ್ಞತೆಗಳು. ಆದರೆ ಬಾಸ್ಕರ್‌ವಿಲ್ ಎಂಬ ಅಕ್ಷರಶೈಲಿಯ ಬಗ್ಗೆ ಅದರಲ್ಲಿ ಬಂದಿರುವ ತೀರ್ಪನ್ನು ಒಪ್ಪಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಅದು ನೋಡಲು ಸೊಗಸು, ಓದಲು ತ್ರಾಸ. ಆಹ್ವಾನ ಪತ್ರಿಕೆಗೂ ಶೀರ್ಷಿಕೆಗೂ ಒಗ್ಗುತ್ತದೆಯೇ ಹೊರತು ಪುಸ್ತಕದ ಒಳಪುಟಗಳಿಗೆ ಸಲ್ಲದು ಎಂಬುದು ಲೇಖನದ ಅಭಿಪ್ರಾಯ. ಪುಸ್ತಕಗಳ ಪುಟವಿನ್ಯಾಸವನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಮಾತು ಹೊಸದಲ್ಲ. ಸೊಗಸಾದ ಸೆರಿಫ್ ಅಕ್ಷರವನ್ನು ಪೆಟ್ಟಿಗೆಯೊಳಗಿನ ಒಡವೆಯಂತೆ ಅಪರೂಪಕ್ಕೊಮ್ಮೆ ಹೊರತೆಗೆಯಬೇಕು ಎಂದು ನಂಬಿರುವವರು ನಮ್ಮ ಕಸುಬಿನಲ್ಲೂ ಬೇಕಾದಷ್ಟಿದ್ದಾರೆ. ನಾನು ಹೇಳಬೇಕಾಗಿರುವುದು ಇಷ್ಟೇ: ಬಾಸ್ಕರ್‌ವಿಲ್‌ನ ಸೊಗಸು ದೀರ್ಘ ಓದಿಗೆಂದೇ ರೂಪುಗೊಂಡದ್ದು, ಅದು ಓದಿಗೆ ತೊಡಕಾಗಿ ಕಂಡಲ್ಲೆಲ್ಲ ಅದನ್ನು ಯಾವ ಗಾತ್ರದಲ್ಲಿ, ಯಾವ ಕಾಗದದ ಮೇಲೆ, ಯಾವ ಆವೃತ್ತಿಯಿಂದ ಅಚ್ಚಿಗಿಳಿಸಿದ್ದಾರೆ ಎಂಬುದನ್ನು ಮೊದಲು ವಿಚಾರಿಸಬೇಕು.

ಅಕ್ಷರದ ಗೆರೆ ಮುಗಿಯುವಲ್ಲಿ ಆಚೀಚೆ ಚಾಚಿಕೊಳ್ಳುವ ಪುಟ್ಟ ತುದಿಯೇ ಸೆರಿಫ್ ಎಂಬುದನ್ನು ಲೇಖನ ಚೆನ್ನಾಗಿ ವಿವರಿಸಿದೆ. ಬಾಸ್ಕರ್‌ವಿಲ್‌ನಲ್ಲಿ ಈ ತುದಿ ನಿಲುವುಗೆರೆಗೆ ಅಂಟಿಸಿಟ್ಟಂತೆ ಇರದೆ, ಸಣ್ಣದೊಂದು ಬಾಗಿನ ಮೂಲಕ ಅದರೊಳಗಿಂದಲೇ ಹೊರಟು, ಕೊನೆಯಲ್ಲಿ ಚೂಪಾಗಿ ನಿಲ್ಲುತ್ತದೆ. ವಿಲಿಯಂ ಕ್ಯಾಸ್ಲನ್ 1720ರ ದಶಕದಿಂದ ಲಂಡನ್ನಿನಲ್ಲಿ ಕೆತ್ತಿದ ಅಕ್ಷರಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಬೇಗ ತಿಳಿಯುತ್ತದೆ. ಕ್ಯಾಸ್ಲನ್‌ನ 'ಓ' ಅಕ್ಷರದಲ್ಲಿ ಗೆರೆ ತೆಳುವಾಗುವ ಜಾಗಗಳು ಓರೆಯಾಗಿವೆ, ಅಗಲಮೊನೆಯ ಲೇಖನಿಯನ್ನು ಓರೆಯಾಗಿ ಹಿಡಿದ ಕೈಯ ಗುರುತು ಅದು. ಬಾಸ್ಕರ್‌ವಿಲ್‌ನ 'ಓ'ದಲ್ಲಿ ಆ ಓರೆ ಬಹುಮಟ್ಟಿಗೆ ನೆಟ್ಟಗಾಗಿದೆ. ತೆಳುಗೆರೆ ಇನ್ನಷ್ಟು ತೆಳುವಾಗಿ, ದಪ್ಪಗೆರೆ ಎತ್ತಿ ಕಾಣುತ್ತದೆ. ಮುಂದೆ ಇಟಲಿಯ ಪಾರ್ಮಾದ ಮುದ್ರಕ ಬೊಡೋನಿ ಮತ್ತು ಪ್ಯಾರಿಸ್ಸಿನ ಮುದ್ರಕರಾದ ದಿದೋ ಮನೆತನದವರು ಇದೇ ಹಾದಿಯಲ್ಲಿ ತುತ್ತತುದಿಯವರೆಗೆ ನಡೆದು, ಸೆರಿಫನ್ನು ಬಾಗಿಲ್ಲದ ನವಿರು ಗೆರೆಯಾಗಿಸಿದರು. ಎರಡು ಬಗೆಗಳ ನಡುವೆ ನಿಲ್ಲುವುದರಿಂದ ಬಾಸ್ಕರ್‌ವಿಲ್‌ಗೆ ಟ್ರಾನ್ಸಿಷನಲ್, ಅಂದರೆ ಸಂಕ್ರಮಣದ ಅಕ್ಷರ, ಎಂಬ ಹಣೆಪಟ್ಟಿ ಹಚ್ಚಿದ್ದಾರೆ. ವರ್ಗೀಕರಣದ ಅನುಕೂಲಕ್ಕೆ ಅದು ಸರಿಯಿರಬಹುದು. ಆದರೆ ಆ ಹೆಸರನ್ನು ಕೇಳಿದವರಿಗೆ ಇದು ಎಲ್ಲಿಂದಲೋ ಹೊರಟು ಇನ್ನೆಲ್ಲಿಗೋ ತಲುಪದೆ ಉಳಿದ ಅಕ್ಷರ ಎಂಬ ಭಾವನೆ ಬರುತ್ತದೆ, ಅದು ಅನ್ಯಾಯ. ಕ್ಯಾಸ್ಲನ್‌ನ ಬೆಚ್ಚಗಿನ ಒರಟುತನವನ್ನೂ ಬೊಡೋನಿಯ ಬಿಗುವನ್ನೂ ಬಿಟ್ಟು, ಬೇಕಾದದ್ದನ್ನು ಮಾತ್ರ ಉಳಿಸಿಕೊಂಡ ಪೂರ್ಣ ರೂಪ ಇದು ಎಂದೇ ನನ್ನ ಎಣಿಕೆ.

ಸೊಗಸು ಎಲ್ಲಿದೆ ಎಂದು ಕೇಳುವವರಿಗೆ ನಾನು ತೋರಿಸುವುದು ಕೆಲವೇ ಅಕ್ಷರಗಳನ್ನು. ಸಣ್ಣಕ್ಷರದ 'ಜಿ'ಯ ಕೆಳಬಳ್ಳಿ ಪೂರ್ತಿ ಮುಚ್ಚಿಕೊಳ್ಳದೆ ಎಡಗಡೆ ಒಂದಿಷ್ಟು ತೆರೆದೇ ಉಳಿಯುತ್ತದೆ. ಬೇರೆ ಯಾವ ಗುರುತೂ ಸಿಗದಿದ್ದರೂ ಇದೊಂದರಿಂದ ಬಾಸ್ಕರ್‌ವಿಲ್‌ನ ಪತ್ತೆ ಹಚ್ಚಬಹುದು. ದೊಡ್ಡಕ್ಷರದ 'ಇ'ಯಲ್ಲಿ ಕೆಳಗಿನ ತೋಳು ಮೇಲಿನದಕ್ಕಿಂತ ಎದ್ದುಕಾಣುವಷ್ಟು ಉದ್ದ. 'ಸಿ' ಅಕ್ಷರಕ್ಕೆ ಮೇಲೂ ಕೆಳಗೂ ಸೆರಿಫ್ ಇದೆ. 'ಜೆ' ಸಾಲಿನ ಕೆಳಗಿಳಿದು ನಿಲ್ಲುತ್ತದೆ. 'ಕ್ಯೂ'ವಿನ ಬಾಲವಂತೂ ನುರಿತ ಬರಹಗಾರನೊಬ್ಬ ಲೇಖನಿಯನ್ನು ಎತ್ತದೆ ಎಳೆದಂತೆ ಬೀಸಾಗಿ ಬಲಕ್ಕೆ ಸಾಗುತ್ತದೆ. ಇಷ್ಟು ಬಿಟ್ಟರೆ ಉಳಿದೆಲ್ಲ ಅಕ್ಷರಗಳೂ ತಮ್ಮ ಪಾಡಿಗೆ ತಾವು ಅಗಲವಾಗಿ, ಒಳಗೆ ಧಾರಾಳ ಜಾಗವಿಟ್ಟುಕೊಂಡು, ಒಂದು ಇನ್ನೊಂದನ್ನು ಒತ್ತರಿಸದೆ ಸಾಲಾಗಿ ನಿಲ್ಲುತ್ತವೆ. ಲೇಖನ ಹೇಳಿದ 'ಅಲಂಕಾರ' ಇದರಲ್ಲಿ ಹುಡುಕಿದರೂ ಸಿಗದು. ದಪ್ಪಗೆರೆಗೂ ತೆಳುಗೆರೆಗೂ ಇರುವ ಅನುಪಾತ, ಅಗಲಕ್ಕೂ ಎತ್ತರಕ್ಕೂ ಇರುವ ಹೊಂದಿಕೆ, ಇವುಗಳಿಂದಲೇ ಇಡೀ ಪರಿಣಾಮ ಮೂಡುತ್ತದೆ.

ಇದಕ್ಕೆ ಕಾರಣ ಆ ಮನುಷ್ಯನ ಹಿನ್ನೆಲೆಯಲ್ಲಿದೆ. ಇಂಗ್ಲೆಂಡಿನ ವೂಸ್ಟರ್‌ಶೈರ್‌ನ ವುಲ್ವರ್ಲಿ ಎಂಬಲ್ಲಿ 1706ರಲ್ಲಿ ಹುಟ್ಟಿದ ಜಾನ್ ಬಾಸ್ಕರ್‌ವಿಲ್ ಬರ್ಮಿಂಗ್‌ಹ್ಯಾಮಿಗೆ ಬಂದು ಕೈಬರಹ ಕಲಿಸುವ ಮೇಷ್ಟರಾಗಿ, ಜೊತೆಗೆ ಸಮಾಧಿಕಲ್ಲುಗಳ ಮೇಲೆ ಅಕ್ಷರ ಕೆತ್ತುವ ಕಸುಬುದಾರನಾಗಿ ಜೀವನ ಆರಂಭಿಸಿದ. ಯಾವ ಬಗೆಯ ಬರಹದಲ್ಲಿ ಬೇಕಾದರೂ ಸಮಾಧಿಕಲ್ಲು ಕೆತ್ತಿಕೊಡುವುದಾಗಿ ಆತ ಸ್ವತಃ ಕೆತ್ತಿದ ಜಾಹೀರಾತಿನ ಕಲ್ಲುಹಲಗೆ ಬರ್ಮಿಂಗ್‌ಹ್ಯಾಮಿನ ಗ್ರಂಥಾಲಯದಲ್ಲಿ ಇಂದಿಗೂ ಇದೆ. ಆಮೇಲೆ ತಗಡಿನ ಸಾಮಾನುಗಳಿಗೆ ಹೊಳಪಿನ ಮೆರುಗು ಕೊಡುವ ಉದ್ಯಮದಲ್ಲಿ ಹಣ ಸಂಪಾದಿಸಿ, ನಡುವಯಸ್ಸು ಕಳೆಯುವ ಹೊತ್ತಿಗೆ, 1750ರ ಸುಮಾರಿನಲ್ಲಿ, ಅಚ್ಚುಮೊಳೆಗಳ ಕೆಲಸಕ್ಕೆ ಕೈಹಾಕಿದ. ಉಕ್ಕಿನ ಅಚ್ಚುಗಳನ್ನು ಕೆತ್ತಿದ್ದು ಜಾನ್ ಹ್ಯಾಂಡಿ ಎಂಬ ನುರಿತ ಕುಶಲಕರ್ಮಿ. ರೂಪದ ಕಲ್ಪನೆ ಬಾಸ್ಕರ್‌ವಿಲ್‌ನದು. ವರ್ಜಿಲ್ ಕವಿಯ ಕಾವ್ಯಗಳ ದೊಡ್ಡ ಆವೃತ್ತಿ, ಈ ಅಕ್ಷರಗಳಲ್ಲಿ ಆತ ಅಚ್ಚುಹಾಕಿದ ಮೊದಲ ಪುಸ್ತಕ, ಹೊರಬಂದದ್ದು 1757ರಲ್ಲಿ. ಅಷ್ಟು ವರ್ಷ ಕಾದು, ಸ್ವಂತ ಹಣ ಸುರಿದು ಆತ ಹೊರತಂದದ್ದು ಸಾಲುಸಾಲಾಗಿ ಕೂತು ಓದಬೇಕಾದ ಕಾವ್ಯವನ್ನು ಎಂಬುದನ್ನು ಗಮನಿಸಬೇಕು. 1763ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಮುದ್ರಕನಾಗಿ ಆತ ಹೊರತಂದ ಬೈಬಲ್ ಕೂಡ ಅಂಥದೇ. ಇವು ಯಾವುವೂ ಶೀರ್ಷಿಕೆಗಾಗಿ ಹುಟ್ಟಿದ ಅಕ್ಷರಗಳು ಮಾಡುವ ಕೆಲಸವಲ್ಲ.

ಅಕ್ಷರದ ನವಿರನ್ನು ಕಾಗದದ ಮೇಲೆ ಉಳಿಸಿಕೊಳ್ಳುವುದಕ್ಕೆ ಆತ ಮಾಡಿದ್ದನ್ನು ತಿಳಿಯದೆ ಈ ಅಕ್ಷರದ ಬಗ್ಗೆ ತೀರ್ಪು ಕೊಡಲಾಗದು. ಆ ಕಾಲದ ಕಾಗದವನ್ನು ಸಾಲು ತಂತಿಗಳ ಜರಡಿಯ ಮೇಲೆ ತಯಾರಿಸುತ್ತಿದ್ದುದರಿಂದ ಅದರ ಮೈಯಲ್ಲಿ ಗೀರುಗೀರಾದ ಏರಿಳಿತ ಉಳಿಯುತ್ತಿತ್ತು. ತೆಳುಗೆರೆಗಳು ಅಂಥ ಮೈಮೇಲೆ ಒಡೆದು ಕಾಣುತ್ತಿದ್ದವು. ನೇಯ್ದ ತಂತಿಬಲೆಯ ಜರಡಿಯ ಮೇಲೆ ಜೇಮ್ಸ್ ವಾಟ್‌ಮನ್ ತಯಾರಿಸಿದ ನಯವಾದ ಕಾಗದವನ್ನು ಬಾಸ್ಕರ್‌ವಿಲ್ ವರ್ಜಿಲ್ ಪುಸ್ತಕದ ಒಂದಷ್ಟು ಭಾಗಕ್ಕೆ ಬಳಸಿದ. ಅಚ್ಚಾದ ಹಾಳೆಗಳನ್ನು ಕಾಯಿಸಿದ ತಾಮ್ರದ ತಗಡುಗಳ ನಡುವೆ ಒತ್ತಿ ಇಸ್ತ್ರಿ ಮಾಡಿದಷ್ಟು ನಯಗೊಳಿಸಿದ. ಮಾರುಕಟ್ಟೆಯ ಶಾಯಿ ಕಂದುಬಣ್ಣಕ್ಕೆ ತಿರುಗುತ್ತಿದ್ದ ಕಾಲದಲ್ಲಿ ತನ್ನದೇ ಪಾಕದಿಂದ ಕಡುಗಪ್ಪು ಶಾಯಿ ಕಾಯಿಸಿಕೊಂಡ. ಅಚ್ಚುಯಂತ್ರವನ್ನೂ ತನ್ನ ಅಳತೆಗೆ ಬಿಗಿಗೊಳಿಸಿಕೊಂಡ. ಹೀಗೆ ಅಕ್ಷರ, ಕಾಗದ, ಶಾಯಿ, ಒತ್ತಡ ಇವು ನಾಲ್ಕನ್ನೂ ಒಟ್ಟಿಗೆ ಯೋಚಿಸಿದ ಮುದ್ರಕರು ಆತನಿಗಿಂತ ಮೊದಲು ಇಂಗ್ಲೆಂಡಿನಲ್ಲಿ ಬಹಳ ಮಂದಿ ಇರಲಿಲ್ಲ. ಈ ನಾಲ್ಕರಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಉಳಿದ ಮೂರನ್ನು ಕೈಬಿಟ್ಟರೆ ಸಿಗುವುದು ಬಾಸ್ಕರ್‌ವಿಲ್‌ನ ಹೊರರೇಖೆ ಮಾತ್ರ.

ಓದಲು ತ್ರಾಸ ಎಂಬ ದೂರು ಕೂಡ ಅಕ್ಷರದಷ್ಟೇ ಹಳೆಯದು. ಬೆಂಜಮಿನ್ ಫ್ರಾಂಕ್ಲಿನ್ 1760ರಲ್ಲಿ ಬಾಸ್ಕರ್‌ವಿಲ್‌ಗೆ ಬರೆದ ಪತ್ರವೊಂದರಲ್ಲಿ ಇದರ ವಿವರ ಸಿಗುತ್ತದೆ. ಫ್ರಾಂಕ್ಲಿನ್ ಸ್ವತಃ ಮುದ್ರಕನಾಗಿದ್ದವನು. ಅವನ ಬಳಿ ಬಂದ ಮಹನೀಯನೊಬ್ಬ, ಬಾಸ್ಕರ್‌ವಿಲ್‌ನ ಅಕ್ಷರಗಳ ಗೆರೆ ತೀರ ತೆಳು, ಇವು ದೇಶದ ಓದುಗರನ್ನೆಲ್ಲ ಕುರುಡಾಗಿಸುತ್ತವೆ ಎಂದು ವಾದಿಸಿದನಂತೆ. ಫ್ರಾಂಕ್ಲಿನ್ ಒಳಗೆ ಹೋಗಿ ಕ್ಯಾಸ್ಲನ್‌ನ ಅಕ್ಷರಗಳ ಮಾದರಿ ಹಾಳೆಯನ್ನು ತೆಗೆದು, ಹೆಸರಿದ್ದ ಮೇಲಂಚನ್ನು ಹರಿದುಹಾಕಿ, ಇದು ಬರ್ಮಿಂಗ್‌ಹ್ಯಾಮಿನಿಂದ ಬಂದದ್ದೆಂದು ಆತನ ಮುಂದಿಟ್ಟು, ದೋಷ ಎಲ್ಲಿದೆ ತೋರಿಸಿರಿ ಎಂದ. ಆ ಮಹನೀಯ ಒಂದೊಂದಾಗಿ ದೋಷಗಳನ್ನು ತೋರಿಸುತ್ತಾ ಹೋದ; ಆ ಹಾಳೆಯನ್ನು ಓದುವಾಗಲೇ ಕಣ್ಣು ನೋಯುತ್ತಿದೆ ಎಂದೂ ಹೇಳಿದ. ಅವನು ನೋಡುತ್ತಿದ್ದುದು ದಿನಬೆಳಗಾದರೆ ಎಲ್ಲರೂ ಓದುತ್ತಿದ್ದ, ಯಾರ ಕಣ್ಣಿಗೂ ನೋವುಂಟುಮಾಡದ ಅಕ್ಷರವನ್ನು. ಈ ಪ್ರಸಂಗವನ್ನು ಲೇಖಕರು ಬಲ್ಲವರಿರಬಹುದು. ಕಣ್ಣಿಗೆ ರೂಢಿಯಾದದ್ದು ಸುಲಭವಾಗಿಯೂ ರೂಢಿಯಿಲ್ಲದ್ದು ಕಠಿಣವಾಗಿಯೂ ತೋರುವುದು ಸಹಜ. ಆ ತೋರಿಕೆಯನ್ನೇ ಅಕ್ಷರದ ಗುಣವೆಂದು ದಾಖಲಿಸುವ ಮುನ್ನ ಒಂದಿಷ್ಟು ಪುಟಗಳನ್ನಾದರೂ ಸಾವಧಾನವಾಗಿ ಓದಿ ನೋಡಬೇಕು.

ಹಾಗೆಂದು ಇಂದಿನ ಓದುಗರ ದೂರನ್ನೆಲ್ಲ ಕಲ್ಪನೆ ಎಂದು ತಳ್ಳಿಹಾಕುವುದಿಲ್ಲ. ಈಗಿನ ಅನೇಕ ಪುಸ್ತಕಗಳಲ್ಲಿ ಬಾಸ್ಕರ್‌ವಿಲ್ ನಿಜಕ್ಕೂ ಬಿಳಿಚಿಕೊಂಡು ಕಾಣುತ್ತದೆ. ಇದಕ್ಕೆ ಎರಡು ಕಾರಣಗಳಿವೆ, ಎರಡೂ ಅಕ್ಷರದ ಹೊರಗಿನವು. ಸೀಸದ ಮೊಳೆಗಳ ಕಾಲದಲ್ಲಿ ಪ್ರತಿಯೊಂದು ಗಾತ್ರವನ್ನೂ ಬೇರೆಯಾಗಿಯೇ ಕೆತ್ತಬೇಕಿತ್ತು. ಸಣ್ಣ ಗಾತ್ರಕ್ಕೆ ತೆಳುಗೆರೆಯನ್ನು ತುಸು ದಪ್ಪವಾಗಿ, ಅಕ್ಷರವನ್ನು ತುಸು ಅಗಲವಾಗಿ, ನಡುವಿನ ಜಾಗವನ್ನು ತುಸು ಹೆಚ್ಚಾಗಿ ಇಡುವುದು ಕೆತ್ತನೆಯವರಿಗೆ ಕೈಗತವಾಗಿತ್ತು. ಕಂಪ್ಯೂಟರಿನಲ್ಲಿ ಒಂದೇ ಚಿತ್ರವನ್ನು 9 ಪಾಯಿಂಟಿಗೂ 90 ಪಾಯಿಂಟಿಗೂ ಹಿಗ್ಗಿಸಿ ಕುಗ್ಗಿಸಿ ಬಳಸುತ್ತೇವೆ. ದೊಡ್ಡ ಗಾತ್ರಕ್ಕೆಂದು ಬರೆದ ನವಿರು ಗೆರೆ ಸಣ್ಣ ಗಾತ್ರದಲ್ಲಿ ಇದ್ದೂ ಇಲ್ಲದಂತಾಗುತ್ತದೆ. ಎರಡನೆಯದು, ಮೊಳೆಯನ್ನು ಕಾಗದಕ್ಕೆ ಒತ್ತಿ ಅಚ್ಚುಹಾಕುವಾಗ ಶಾಯಿ ಅಂಚಿನಾಚೆ ಕೂದಲೆಳೆಯಷ್ಟು ಹರಡಿ ಗೆರೆಗೆ ಮೈ ತುಂಬುತ್ತಿತ್ತು, ಮತ್ತು ವಿನ್ಯಾಸಕಾರರು ಆ ಹರಡುವಿಕೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಮೊಳೆಯ ಮುಖವನ್ನು ಸಣ್ಣಗೆ ಇಡುತ್ತಿದ್ದರು. ಆ ಸಣ್ಣ ಮುಖದ ಅಳತೆಯನ್ನೇ ಗಣಕಕ್ಕೆ ಇಳಿಸಿ ಆಫ್‌ಸೆಟ್ಟಿನಲ್ಲೋ ಲೇಸರ್ ಪ್ರಿಂಟರಿನಲ್ಲೋ ಮುದ್ರಿಸಿದಾಗ ತುಂಬಿಕೊಳ್ಳಬೇಕಾದ ಮೈ ತುಂಬದೆ ಅಸ್ಥಿಪಂಜರ ಮಾತ್ರ ಉಳಿಯುತ್ತದೆ. ಇದನ್ನು ಬಲ್ಲ ವಿನ್ಯಾಸಕಾರರು ಪರಿಹಾರವನ್ನೂ ಕೊಟ್ಟಿದ್ದಾರೆ. ಝೆಕ್ ವಿನ್ಯಾಸಕಾರ ಫ್ರಾಂಟಿಶೆಕ್ ಶ್ಟೋರ್ಮ್ ಸಣ್ಣ ಗಾತ್ರಕ್ಕೆ ಬಾಸ್ಕರ್‌ವಿಲ್ 10 ಎಂದೂ ದೊಡ್ಡ ಗಾತ್ರಕ್ಕೆ ಬಾಸ್ಕರ್‌ವಿಲ್ 120 ಎಂದೂ ಬೇರೆ ಬೇರೆ ರೂಪಗಳನ್ನು ಬರೆದಿದ್ದಾರೆ. ಜುಜಾನಾ ಲಿಕೋ 1996ರಲ್ಲಿ ರೂಪಿಸಿದ, ಬಾಸ್ಕರ್‌ವಿಲ್‌ನ ಪತ್ನಿ ಸಾರಾ ಈವ್ಸ್ ಹೆಸರನ್ನು ಹೊತ್ತ ಮಿಸೆಸ್ ಈವ್ಸ್ ಅಕ್ಷರದಲ್ಲಿ ದಪ್ಪ-ತೆಳುವಿನ ಅಂತರವನ್ನು ಬೇಕೆಂದೇ ಕಡಿಮೆ ಮಾಡಿ, ಅಚ್ಚುಮೊಳೆಯ ಕಾಲದ ಮೃದುತ್ವವನ್ನು ಮರಳಿ ತರಲಾಗಿದೆ. ಆದರೆ ಅದರ ಸಣ್ಣಕ್ಷರಗಳ ಎತ್ತರ ಕಡಿಮೆ, ನಡುವಿನ ಅಂತರ ಸಡಿಲ. ಆದ್ದರಿಂದ ನಾನು ಅದನ್ನು ಮುಖಪುಟಕ್ಕೂ ಅರ್ಪಣೆಯಂಥ ಚಿಕ್ಕ ಬರಹಕ್ಕೂ ಇಟ್ಟುಕೊಳ್ಳುತ್ತೇನೆ.

ಲೇಖನದ ಜೊತೆ ತಾವು ಮುದ್ರಿಸಿದ ಮಾದರಿಯ ಬಗ್ಗೆಯೂ ಹೇಳಲೇಬೇಕು. ಅಲ್ಲಿ ಬಾಸ್ಕರ್‌ವಿಲ್ ಎಂದು ತೋರಿಸಿರುವುದು, ನನ್ನ ಕಣ್ಣಿಗೆ ಕಾಣುವಂತೆ, ಬಾಸ್ಕರ್‌ವಿಲ್ ಓಲ್ಡ್ ಫೇಸ್. ಹೆಸರಿನ ಸಾಮ್ಯದಿಂದ ಈ ಗೊಂದಲ ಎಲ್ಲೆಡೆ ಆಗುತ್ತದೆ, ಏಕೆಂದರೆ ಆಫೀಸ್ ತಂತ್ರಾಂಶದ ಜೊತೆ ಬಹಳ ಕಂಪ್ಯೂಟರುಗಳಿಗೆ ಬರುವುದು ಅದೇ. ಅದರ ಮೂಲ ಬಾಸ್ಕರ್‌ವಿಲ್‌ನ ಮೊಳೆಗಳಲ್ಲಿಲ್ಲ. ಆತನ ಶೈಲಿಯನ್ನು ಅನುಸರಿಸಿ 1760ರ ದಶಕದಲ್ಲಿ ಬ್ರಿಸ್ಟಲ್ಲಿನ ಫ್ರೈ ಅಚ್ಚುಮೊಳೆ ಕಾರ್ಖಾನೆಗಾಗಿ ಐಸಾಕ್ ಮೂರ್ ಮಾಡಿದ ಅಕ್ಷರಗಳಲ್ಲಿದೆ. ತೆಳುಗೆರೆ ಬಹಳ ತೆಳುವಾದ, ದೊಡ್ಡ ಗಾತ್ರಕ್ಕೆ ತಕ್ಕ ರೂಪ ಅದು. ಮಾದರಿಯಲ್ಲಿ ಅದನ್ನು ತೀರ ಸಣ್ಣ ಗಾತ್ರದಲ್ಲಿ, ಸುದ್ದಿಕಾಗದದ ಮೇಲೆ, ಸಾಲುಗಳ ನಡುವೆ ಉಸಿರಾಡಲು ಜಾಗವಿಲ್ಲದಂತೆ ಜೋಡಿಸಲಾಗಿದೆ. ಅದನ್ನು ನೋಡಿದ ಯಾವ ಓದುಗರೂ ಲೇಖಕರ ಮಾತಿಗೆ ಹೂಂಗುಟ್ಟದೆ ಇರಲಾರರು. ಮುಂದಿನ ಸಂಚಿಕೆಯೊಂದರಲ್ಲಿ ಸರಿಯಾದ ಮಾದರಿಯನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಹಾಗಾದರೆ ಇದನ್ನು ಎಲ್ಲಿ ಬಳಸಬೇಕು? ಕಾದಂಬರಿ, ಪ್ರಬಂಧ, ಜೀವನಚರಿತ್ರೆ, ಕಾವ್ಯ, ಹೀಗೆ ಓದುಗ ಗಂಟೆಗಟ್ಟಲೆ ಪುಟದೊಳಗೆ ಇರಬೇಕಾದ ಕಡೆಯಲ್ಲೆಲ್ಲ. ಒಳಪುಟಕ್ಕೆ 11 ಪಾಯಿಂಟಿನ ಆಸುಪಾಸಿನಲ್ಲಿ ಆರಂಭಿಸಿ, ಸಾಲಿನಿಂದ ಸಾಲಿಗೆ 14ರಿಂದ 15 ಪಾಯಿಂಟ್ ಕೊಟ್ಟು, ಅಂಚುಗಳನ್ನು ಜಿಪುಣತನವಿಲ್ಲದೆ ಬಿಟ್ಟರೆ ಅಕ್ಷರ ತಾನಾಗಿಯೇ ಹಿಂದೆ ಸರಿದು ಬರಹವನ್ನು ಮುಂದೆ ಬಿಡುತ್ತದೆ. ಅಗಲವಾದ ಅಕ್ಷರವಾದ್ದರಿಂದ ಪುಟಗಳ ಸಂಖ್ಯೆ ಒಂದಿಷ್ಟು ಹೆಚ್ಚುತ್ತದೆ. ಪ್ರಕಾಶಕರು ಇದಕ್ಕೆ ತಕರಾರೆತ್ತುವುದೂ ಉಂಟು, ಆದರೆ ಪುಟ ಉಳಿಸಲು ಅಕ್ಷರವನ್ನು ಕಂಪ್ಯೂಟರಿನಲ್ಲಿ ಪಕ್ಕದಿಂದ ಅಮುಕಿ ಕಿರಿದಾಗಿಸುವುದಕ್ಕಿಂತ ಬೇರೆ ಅಕ್ಷರ ಆರಿಸಿಕೊಳ್ಳುವುದೇ ಲೇಸು. ಓರೆ ಅಕ್ಷರ ಬೇಕಾದಲ್ಲಿ ಬಾಸ್ಕರ್‌ವಿಲ್‌ನದೇ ಇಟಾಲಿಕ್ ಫಾಂಟನ್ನು ಬಳಸಬೇಕು. ಅದು ನೇರ ಅಕ್ಷರವನ್ನು ವಾಲಿಸಿದ್ದಲ್ಲ, ಕೈಬರಹದ ಮೇಷ್ಟರ ಕೈಯೇ ಕಾಣುವ ಬೇರೆ ರೂಪ. ಇಡೀ ಶೈಲಿಯಲ್ಲಿ ನನಗೆ ಅತಿ ಪ್ರಿಯವಾದ ಭಾಗವೂ ಅದೇ. ಶೀರ್ಷಿಕೆಪುಟದ ಪಾಠವನ್ನು ಬಾಸ್ಕರ್‌ವಿಲ್‌ನಿಂದಲೇ ಕಲಿಯಬಹುದು. ಹೂಬಳ್ಳಿ, ಚೌಕಟ್ಟುಗಳಿಂದ ತುಂಬಿರುತ್ತಿದ್ದ ಪುಟವನ್ನು ಆತ ಬರಿದುಮಾಡಿ, ದೊಡ್ಡಕ್ಷರಗಳ ನಡುವೆ ಅಂತರ ಬಿಟ್ಟು, ಕೆಲವೇ ಸಾಲುಗಳನ್ನು ಬಿಳಿಯ ನಡುವೆ ನಿಲ್ಲಿಸಿದ. ದೊಡ್ಡಕ್ಷರಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಅವುಗಳ ಅಗಲವೇ ಅವಕ್ಕೆ ಶತ್ರುವಾಗುತ್ತದೆ.

ಎಲ್ಲಿ ಬಳಸಬಾರದು ಎಂಬುದರಲ್ಲೂ ನನಗೆ ಸಂದೇಹವಿಲ್ಲ. ದಿನಪತ್ರಿಕೆಯ ಇಕ್ಕಟ್ಟಾದ ಅಂಕಣಕ್ಕೆ ಇದು ತಕ್ಕುದಲ್ಲ. ಅಂಥ ಅಂಕಣದಲ್ಲಿ ಹೆಚ್ಚು ಪದಗಳು ಹಿಡಿಯಬೇಕು, ಬಿರುಸಿನ ಮುದ್ರಣದಲ್ಲೂ ಗೆರೆ ಒಡೆಯಬಾರದು. ಲಂಡನ್ನಿನ ದಿ ಟೈಮ್ಸ್ ಪತ್ರಿಕೆ 1932ರಲ್ಲಿ ಟೈಮ್ಸ್ ನ್ಯೂ ರೋಮನ್ ಅನ್ನು ತನಗಾಗಿಯೇ ಮಾಡಿಸಿಕೊಂಡದ್ದು ಅದಕ್ಕೇ. ಅದನ್ನು ರೂಪಿಸಿದ ಸ್ಟ್ಯಾನ್ಲಿ ಮಾರಿಸನ್ ಅವರೇ ಅಚ್ಚುಮೊಳೆ ಯಂತ್ರಗಳನ್ನೂ ಅಕ್ಷರಗಳನ್ನೂ ತಯಾರಿಸುತ್ತಿದ್ದ ಮೊನೋಟೈಪ್ ಸಂಸ್ಥೆಯ ಸಲಹೆಗಾರರಾಗಿದ್ದ ಕಾಲದಲ್ಲಿ, 1920ರ ದಶಕದಲ್ಲಿ, ಮೂಲೆಗುಂಪಾಗಿದ್ದ ಬಾಸ್ಕರ್‌ವಿಲ್ ಪುಸ್ತಕಗಳಿಗೆಂದು ಮರುಹುಟ್ಟು ಪಡೆಯಿತು. ಪತ್ರಿಕೆಗೊಂದು, ಪುಸ್ತಕಕ್ಕೊಂದು ಎಂಬ ವಿವೇಕ ಒಬ್ಬರೇ ವ್ಯಕ್ತಿಯಲ್ಲಿತ್ತು. ದೂರದಿಂದ ಓದಬೇಕಾದ ರಸ್ತೆ ಫಲಕ, ಔಷಧಿ ಚೀಟಿಯ ಕಿರಿಯಕ್ಷರ, ಭರ್ತಿ ಮಾಡುವ ನಮೂನೆ, ಇವಕ್ಕೂ ಬಾಸ್ಕರ್‌ವಿಲ್ ಬೇಡ.

ಮೊಳೆಗಳ ಮೂಲ ಅಚ್ಚುಗಳ ಕಥೆಯನ್ನೂ ಲೇಖನ ಮುಟ್ಟಿಲ್ಲ. ಬಾಸ್ಕರ್‌ವಿಲ್ 1775ರಲ್ಲಿ ತೀರಿಕೊಂಡ ಮೇಲೆ ಸಾರಾ ಅವುಗಳನ್ನು 1779ರಲ್ಲಿ ಫ್ರಾನ್ಸಿನ ನಾಟಕಕಾರ ಬೊಮಾರ್ಶೆಗೆ ಮಾರಿದಳು. ವಾಲ್ಟೇರ್‌ನ ಸಮಗ್ರ ಕೃತಿಗಳನ್ನು ಬೊಮಾರ್ಶೆ ಕೆಹ್ಲ್ ಪಟ್ಟಣದಲ್ಲಿ ಅಚ್ಚುಹಾಕಿಸಿದ್ದು ಇವೇ ಅಕ್ಷರಗಳಲ್ಲಿ. ಹಲವು ಕೈ ಬದಲಾಗಿ, 1953ರಲ್ಲಿ ಫ್ರಾನ್ಸಿನ ಅಚ್ಚುಮೊಳೆ ತಯಾರಕರಾದ ದಬೆರ್ನಿ ಎ ಪೆನ್ಯೋ ಸಂಸ್ಥೆ ಅವನ್ನು ಕೇಂಬ್ರಿಜ್ ವಿಶ್ವವಿದ್ಯಾಲಯ ಮುದ್ರಣಾಲಯಕ್ಕೆ ಕೊಡುಗೆಯಾಗಿ ನೀಡಿತು. ಎಪ್ಪತ್ತು ಸಂಪುಟಗಳ ವಾಲ್ಟೇರ್ ಆವೃತ್ತಿಗೆ ಒಗ್ಗಿದ ಅಕ್ಷರವನ್ನು ಆಹ್ವಾನ ಪತ್ರಿಕೆಗೆ ಸೀಮಿತಗೊಳಿಸುವುದು ಹೇಗೆ ಎಂದು ಲೇಖಕರನ್ನು ಸವಿನಯವಾಗಿ ಕೇಳುತ್ತೇನೆ.

ಈ ಅಕ್ಷರದ ಗಂಭೀರ ನಿಲುವನ್ನು ಸರ್ಕಾರಗಳೂ ಗುರುತಿಸಿವೆ. ಕೆನಡಾ ಸರ್ಕಾರದ ಲಾಂಛನದಲ್ಲಿ ದೇಶದ ಹೆಸರು ಇರುವುದು ತುಸು ಮಾರ್ಪಡಿಸಿದ ಬಾಸ್ಕರ್‌ವಿಲ್‌ನಲ್ಲಿ, ಕೊನೆಯ ಅಕ್ಷರದ ಮೇಲೆ ಪುಟ್ಟ ಬಾವುಟದೊಂದಿಗೆ. ಚಲನಚಿತ್ರ ನಿರ್ದೇಶಕ ಎರೋಲ್ ಮಾರಿಸ್ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಅಂತರ್ಜಾಲ ಓದುಗರ ಮುಂದೆ ಒಂದೇ ಬರಹವನ್ನು ಆರು ಫಾಂಟುಗಳಲ್ಲಿ ಇಟ್ಟು ಅದನ್ನು ನಂಬುವಿರಾ ಎಂದು ಕೇಳಿದಾಗ, ಸುಮಾರು 45,000 ಮಂದಿಯ ಉತ್ತರಗಳಲ್ಲಿ ಬಾಸ್ಕರ್‌ವಿಲ್ ಮುಂದಿತ್ತು. ಅಂತರ ಅತ್ಯಲ್ಪ, ಆದ್ದರಿಂದ ಅದರ ಮೇಲೆ ದೊಡ್ಡ ವಾದ ಕಟ್ಟಲಾರೆ. ಆದರೂ ಓದುಗರ ಮನಸ್ಸು ಈ ಅಕ್ಷರವನ್ನು ಬರಿಯ ಚೆಲುವಿನ ವಸ್ತುವಾಗಿ ನೋಡಿದ್ದರೆ ಅಂಥ ಉತ್ತರ ಬರುತ್ತಿರಲಿಲ್ಲ ಎಂದು ನಾನು ಭಾವಿಸುತ್ತೇನೆ.

ಪರದೆಯ ಮೇಲೆ ಸೆರಿಫ್ ನಿಲ್ಲುವುದಿಲ್ಲ ಎಂಬ ಲೇಖಕರ ಕೊನೆಯ ಮಾತು ಕೆಲವು ವರ್ಷಗಳ ಹಿಂದಿನ ಪರದೆಗಳಿಗೆ ಸರಿಹೊಂದುತ್ತಿತ್ತು. ಚುಕ್ಕಿಗಳು ಒರಟಾಗಿದ್ದಾಗ ನವಿರು ಗೆರೆಯನ್ನು ತೋರಿಸಲು ಪರದೆಗೇ ಶಕ್ತಿಯಿರಲಿಲ್ಲ. ಈಗಿನ ಫೋನುಗಳ ಪರದೆ ಎಷ್ಟೋ ಪಾಲು ಸೂಕ್ಷ್ಮ. ಅದಕ್ಕೂ ಮಿಗಿಲಾಗಿ, ಪಾಬ್ಲೊ ಇಂಪಲ್ಲಾರಿ ರೂಪಿಸಿದ ಲಿಬ್ರೆ ಬಾಸ್ಕರ್‌ವಿಲ್ ಇದೆ. 1941ರ ಅಮೆರಿಕನ್ ಟೈಪ್ ಫೌಂಡರ್ಸ್ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡು, ಸಣ್ಣಕ್ಷರಗಳ ಎತ್ತರ ಹೆಚ್ಚಿಸಿ, ಒಳಜಾಗ ಅಗಲಿಸಿ, ದಪ್ಪ-ತೆಳುವಿನ ಅಂತರ ತುಸು ತಗ್ಗಿಸಿ, 16 ಪಿಕ್ಸೆಲ್ ಗಾತ್ರದ ಓದಿಗೆ ಹದಗೊಳಿಸಿದ ಫಾಂಟ್ ಅದು. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಪರದೆಗೆಂದು ಮಾಡಿದ ಅದನ್ನೇ ಕಾಗದದ ಪುಸ್ತಕಕ್ಕೆ ಹಾಕಿದರೆ ಮಾತ್ರ ಪುಟ ಭಾರವಾಗಿ ಕಾಣುತ್ತದೆ, ಹಾಗೆ ಮಾಡುವವರು ಗಾತ್ರವನ್ನು ಒಂದೂವರೆ ಪಾಯಿಂಟಾದರೂ ಇಳಿಸಬೇಕು. ಯಾವ ಆವೃತ್ತಿಯನ್ನು ಆರಿಸಿದರೂ ಪುಸ್ತಕಕ್ಕೆ ಬಳಸಲಿರುವ ಕಾಗದದ ಮೇಲೆಯೇ ಎರಡು ಪುಟ ಮುದ್ರಿಸಿ ಓದಿ ನೋಡುವುದು ಅಗತ್ಯ. ಕಂಪ್ಯೂಟರಿನ ಪರದೆಯಲ್ಲಿ ಕಂಡ ಕಪ್ಪು ಅಚ್ಚಿನಲ್ಲಿ ಅಷ್ಟೇ ಕಪ್ಪಾಗಿ ಬರುವುದಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಪುಟವಿನ್ಯಾಸಕ